ಗೊರಕೆ ಇದ್ದಕ್ಕಿದ್ದಂತೆ ನಿಂತಾಗ ಗಂಟಲಲ್ಲಿ ಏನಾಗುತ್ತದೆ?

ನಮಸ್ಕಾರ! ರಾತ್ರಿ ರೈಲಿನಲ್ಲಿ ನೀವಿದನ್ನು ಕೇಳಿರುತ್ತೀರಿ. ಪಕ್ಕದ ಬರ್ತ್‌ನಲ್ಲಿ ಜೋರು ಗೊರಕೆ. ಥಟ್ಟನೆ ಸದ್ದಿಲ್ಲ. ಹೊಟ್ಟೆ ಏರಿಳಿಯುತ್ತಲೇ ಇದೆ, ಮೂಗಿನಲ್ಲಿ ಮಾತ್ರ ಉಸಿರಾಡುತ್ತಿಲ್ಲ. ಆಮೇಲೆ 'ಘರ್ರ್' ಅಂತ ಎಳೆದುಕೊಂಡು ಮತ್ತೆ ಶುರು. ನಾವು "ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾರಪ್ಪ" ಅಂತೀವಿ. ಪಾಪ, ಅವರು ಉಸಿರಿಗೆ ಒದ್ದಾಡುತ್ತಿರುತ್ತಾರೆ.

ಇದೇ ಸ್ಲೀಪ್ ಅಪ್ನಿಯಾ. ಉಸಿರು 10 ಸೆಕೆಂಡಾದರೂ ನಿಂತರೆ ಒಂದು ಅಪ್ನಿಯಾ ಅಂತ ಲೆಕ್ಕ. ಉಸಿರು ನಿಲ್ಲುವುದು, ತೀರಾ ಕಡಿಮೆಯಾಗುವುದು ಎರಡೂ ಸೇರಿ ಗಂಟೆಗೆ 30 ಸಲ ಮುಟ್ಟಿದರೆ ತೀವ್ರ.

ಮುಚ್ಚಿಕೊಳ್ಳುವುದು ಎಲ್ಲಿ? ಕೆಳಗಿನ ಶ್ವಾಸನಾಳಕ್ಕೆ ಮೃದು ಎಲುಬಿನ ಬಳೆಗಳ ಆಸರೆ ಇದೆ. ಅದರ ಮೇಲೆ, ನಾಲಿಗೆಯ ಹಿಂದಿನ ಜಾಗಕ್ಕೆ ಅಂಥ ಬಳೆಗಳಿಲ್ಲ. ಸ್ನಾಯುಗಳೇ ಅದನ್ನು ತೆರೆದಿಡಬೇಕು. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ.

(ಕ್ಯಾಮೆರಾ ಎಳನೀರಿನ ಹತ್ತಿರಕ್ಕೆ)

ನೋಡಿ, ಈ ಪೇಪರ್ ಸ್ಟ್ರಾ ನೆನೆದು ಮೆತ್ತಗಾಗಿದೆ. ತುದಿಗೆ ಗಂಜಿ ಸಿಕ್ಕಿಕೊಂಡಿದೆ. ಜೋರಾಗಿ ಎಳೀತೀನಿ... ನೋಡಿದ್ರಾ? ಎರಡೂ ಗೋಡೆ ಅಂಟಿಕೊಂಡವು. ಎಳೆದಷ್ಟೂ ಮುಚ್ಚುತ್ತದೆ. ಆ ಗಂಟಲಲ್ಲೂ ಇದೇ ಕಥೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಗಂಟಲನ್ನು ಅಡ್ಡ ಕೊಯ್ದಂತೆ ಸ್ಕ್ಯಾನ್‌ನಲ್ಲಿ ನೋಡಿದರೆ, ಆರೋಗ್ಯವಂತರಲ್ಲಿ ದಾರಿ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಅಗಲ. ಅಪ್ನಿಯಾ ಇರುವ ಹಲವರಲ್ಲಿ ಪಕ್ಕದ ಗೋಡೆಗಳು ದಪ್ಪಗಾಗಿ ಒಳಕ್ಕೆ ಬಂದಿರುತ್ತವೆ. ದಾರಿ ಹಿಂದೆ ಮುಂದೆ ಉದ್ದ, ಅಗಲದಲ್ಲಿ ಕಿರಿದು.

ಇದರಿಂದ ಏನು ವ್ಯತ್ಯಾಸ? ನಾಲಿಗೆಯನ್ನು ಗದ್ದದ ಕಡೆಗೆ, ಅಂದರೆ ಮುಂದಕ್ಕೆ ಎಳೆಯುವ ಸ್ನಾಯು ಒಂದಿದೆ. ದಾರಿ 15 ಮಿ.ಮೀ. ಅಗಲ ಇದೆ ಅಂದುಕೊಳ್ಳಿ. ನಾಲಿಗೆ 1 ಮಿ.ಮೀ. ಮುಂದೆ ಸರಿದರೆ ಸುಮಾರು 15 ಚದರ ಮಿ.ಮೀ. ಜಾಗ ಸಿಗುತ್ತದೆ. ಅಗಲ 5 ಮಿ.ಮೀ. ಆದರೆ? ಅದೇ ಸ್ನಾಯು, ಅಷ್ಟೇ ಎಳೆತ, ಸಿಗುವುದು 5 ಮಾತ್ರ! ಒಟ್ಟು ಜಾಗ ಎರಡರಲ್ಲೂ ಒಂದೇ ಇದ್ದರೂ, ಆಕಾರ ಬದಲಾಗಿದ್ದಕ್ಕೆ ಸ್ನಾಯುವಿನ ದುಡಿಮೆ ದಂಡವಾಗುತ್ತದೆ. ಇದನ್ನು ಮೊದಲ ಸಲ ಪೇಪರ್ ಮೇಲೆ ಬರೆದು ನೋಡಿದಾಗ ಮೈ ಜುಮ್ಮೆಂದಿತು.

ಟೈಮ್ ಆಗ್ತಾ ಬಂತು, ಚಿಕಿತ್ಸೆ ಬೇಗ ಹೇಳಿಬಿಡ್ತೀನಿ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕೆಳದವಡೆಯನ್ನು ಮುಂದೆ ಹಿಡಿದಿಡುವ ಸಾಧನ, ಕೆಲವರಿಗೆ ಆಪರೇಷನ್. ಮುಖ್ಯವಾದದ್ದು ಸಿಪ್ಯಾಪ್ (CPAP) ಅನ್ನೋ ಗಾಳಿ ಊದುವ ಯಂತ್ರ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ತಂಡ 5 ರೋಗಿಗಳ ಮೇಲೆ ಇದರ ಫಲ ಪ್ರಕಟಿಸಿತು. ಮೂಗಿನಿಂದ ಸತತ ಗಾಳಿಯ ಒತ್ತಡ ಕೊಟ್ಟರೆ ಗೋಡೆಗಳು ಒಳಗಿನಿಂದಲೇ ಹೊರಕ್ಕೆ ನಿಲ್ಲುತ್ತವೆ. ಸ್ಟ್ರಾ ಹೀರುವ ಬದಲು ಊದಿದ ಹಾಗೆ.

ಮನೆಯಲ್ಲಿ ಯಾರದಾದರೂ ಗೊರಕೆ ಹೀಗೆ ನಿಲ್ಲುತ್ತಿದ್ದರೆ, ಇವತ್ತೇ ರಾತ್ರಿ ಒಂದು ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಹೊಟ್ಟೆ ಕಾಣುವ ಹಾಗೆ ಮಾಡಿ.