ರಾಮಪತ್ರೆ ಜಡ್ಡಿ: ಕೆಸರು ಬೆಳೆಸಿದ ಕಾಡು

ಕೇಳುಗರೇ, ನಮಸ್ಕಾರ.

ಪರಿಸರ ವ್ಯವಸ್ಥೆ ಅಂದಕೂಡಲೇ ನಮ್ಮ ಗಮನ ಹೋಗುವುದು ಹುಲಿ, ಆನೆ, ಹಕ್ಕಿಗಳ ಕಡೆಗೆ. ಜೀವ ಇಲ್ಲದ ನೀರು, ಮಣ್ಣು, ಗಾಳಿಯನ್ನು ಶಾಲೆಯಲ್ಲಿ ‘ಅಜೈವಿಕ ಘಟಕ’ ಎಂದು ಬರೆದು ಮಾರ್ಕ್ಸ್ ತೆಗೆದುಕೊಂಡು ಮರೆತುಬಿಡುತ್ತೇವೆ. ಅವುಗಳ ಕೆಲಸ ಕಣ್ಣಿಗೆ ಕಾಣುವ ಒಂದು ಜಾಗವಿದೆ: ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು.

ಅಲ್ಲಿ ಬೆಟ್ಟಗಳ ನಡುವಿನ ತಗ್ಗಿನಲ್ಲಿ ಬೇಸಿಗೆಯಲ್ಲೂ ಬತ್ತದ ಸಣ್ಣ ಹಳ್ಳಗಳಿವೆ. ನೀರು ಹರಡಿದ ಕಡೆಯೆಲ್ಲ ಕೆಸರು. ಆ ಕೆಸರಲ್ಲೇ ಜಾಯಿಕಾಯಿ ಕುಟುಂಬದ ಮರಗಳು ಬೆಳೆದಿವೆ. ಇದೇ ರಾಮಪತ್ರೆ ಜಡ್ಡಿ.

ನೀರು ತುಂಬಿದ ಕೆಸರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಬೇರಿಗೂ ಉಸಿರಾಡಬೇಕಲ್ವಾ? ಅದಕ್ಕೇ ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಒಳಗೆ ಇಳಿಯುತ್ತದೆ. ಮೇಲಿರುವ ಭಾಗದ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ. ಇನ್ನು ಕೆಲವಕ್ಕೆ ಕಾಂಡದಿಂದಲೇ ಬೇರುಗಳು ಹೊರಟು, ಮೆತ್ತನೆಯ ನೆಲದಲ್ಲಿ ಮರ ವಾಲದಂತೆ ಆಸರೆ ಕೊಡುತ್ತವೆ. ಜೀವವಿಲ್ಲದ ಕೆಸರು ಮರದ ಆಕಾರವನ್ನೇ ಬದಲಿಸಿಬಿಟ್ಟಿದೆ ನೋಡಿ!

ಮರಗಳೂ ಸುಮ್ನೆ ಕೂತಿಲ್ಲ. ಅವುಗಳ ನೆರಳು ಹಳ್ಳವನ್ನು ತಂಪಾಗಿಡುತ್ತದೆ. ಉದುರಿದ ಎಲೆ ನಿಧಾನವಾಗಿ ಕೊಳೆತು ಅದೇ ಕೆಸರಿಗೆ ಸೇರುತ್ತದೆ. ಹಣ್ಣು ಒಡೆದಾಗ ಬೀಜದ ಸುತ್ತ ಕಾಣುವ ಬಣ್ಣದ ಪತ್ರೆಗೆ ಆಸೆಪಟ್ಟು ಮಂಗಟ್ಟೆ ಹಕ್ಕಿ ಬಂದು, ಬೀಜವನ್ನು ದೂರ ಸಾಗಿಸುತ್ತದೆ. ಆದರೆ ಈ ಬೀಜ ಒಣಗಿದರೆ ಮೊಳೆಯುವುದಿಲ್ಲ. ತೇವ ಆರದ ನೆಲಕ್ಕೇ ಬೀಳಬೇಕು. ಹಕ್ಕಿ ಇದ್ದೂ ಕೆಸರಿಲ್ಲದಿದ್ದರೆ ಏನು ಪ್ರಯೋಜನ?

ಗೇರಿನ ಕುಟುಂಬದ ಒಂದು ಹೊಸ ಮರವನ್ನೂ ವಿಜ್ಞಾನಿಗಳು ಕತ್ತಲೆಕಾನಿನ ಈ ಜಡ್ಡಿಯಲ್ಲೇ ಗುರುತಿಸಿ, 2000ದಲ್ಲಿ ಅದಕ್ಕೆ ಈ ಕಾಡಿನ ಹೆಸರನ್ನೇ ಇಟ್ಟರು.

ಇಂಥ ಜಡ್ಡಿಗಳು ಹಿಂದೆ ಜಾಸ್ತಿ ಇದ್ದವು. ನೀರಿರುವ ತಗ್ಗು ಭತ್ತಕ್ಕೂ ಅಡಿಕೆಗೂ ಹೇಳಿ ಮಾಡಿಸಿದ ಜಾಗ. ಎಷ್ಟೋ ಜಡ್ಡಿಗಳು ಗದ್ದೆ, ತೋಟಗಳಾದವು. ಹೊಟ್ಟೆಪಾಡಿಗೆ ಮಾಡಿದ್ದು, ಹಳಬರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಚಿಂತೆ ಬೇರೆ. ಜಡ್ಡಿ ಹಾಳು ಮಾಡಲು ಕೊಡಲಿಯೇ ಬೇಕಿಲ್ಲ. ಮೇಲುಗಡೆ ಹಳ್ಳ ತಿರುಗಿಸಿದರೆ ಸಾಕು, ಕೆಸರು ಒಣಗುತ್ತದೆ, ಹೊಸ ಸಸಿ ಏಳುವುದಿಲ್ಲ. ಮರ ಕಡಿದರೆ ಕೇಸಾಗುತ್ತದೆ, ನೀರು ತಿರುಗಿಸಿದರೆ ಯಾರೂ ತಿರುಗಿ ನೋಡುವುದಿಲ್ಲ.

2011ರಲ್ಲಿ ಸರ್ಕಾರ ಈ ಭಾಗದಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿತು. ಒಳ್ಳೆಯದೇ ಆಯಿತು. ಸಿಂಗಳೀಕ ಎಣಿಸಲು ಹೋದವರು ಏಪ್ರಿಲ್ ತಿಂಗಳಲ್ಲಿ ಹಳ್ಳದ ನೀರನ್ನೂ ಅಳೆದು ಬರೆದಿಡಲಿ ಎನ್ನುವುದು ನನ್ನ ಬೇಡಿಕೆ.

ನಮಸ್ಕಾರ.