ಅಂಗಿಯ ಒಳಮಗ್ಗುಲು

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಲ್ಲ ಕೇಳುಗರಿಗೆ ನಮಸ್ಕಾರ. ಹದಿಹರೆಯದವರ ಉಡುಗೆತೊಡುಗೆ ಮತ್ತು ವಸ್ತ್ರವಿನ್ಯಾಸದ ಉದ್ಯೋಗಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಪಿಯುಸಿ ಓದುವ ಮಕ್ಕಳೂ, ಪಕ್ಕದಲ್ಲಿ ಕುಳಿತು ‘ಇದರಿಂದ ಹೊಟ್ಟೆ ತುಂಬುತ್ತದೆಯೇ’ ಎಂದು ಯೋಚಿಸುತ್ತಿರುವ ಅವರ ತಂದೆತಾಯಂದಿರೂ ಕೇಳುತ್ತಿದ್ದಾರೆ ಎಂದು ಭಾವಿಸಿಕೊಂಡು ಹೇಳುತ್ತೇನೆ. ನಾನು ಹೇಳುವುದು ಒಂದೇ ವಿಷಯ. ಯಾವ ಉಡುಪೇ ಆಗಲಿ, ಅದನ್ನು ಕೊಳ್ಳುವ ಮೊದಲು, ಮೆಚ್ಚುವ ಮೊದಲು, ಅಂಥದ್ದೇ ಒಂದರ ಚಿತ್ರ ಬರೆಯುವ ಮೊದಲು, ಅದರ ಒಳಮಗ್ಗುಲನ್ನು ಹೊರಗೆ ಮಾಡಿ ನೋಡಿ.

ಹದಿಹರೆಯದ ಮಕ್ಕಳು ಬೆಳೆಯುತ್ತಿರುತ್ತಾರೆ. ಊರಿನ ದರ್ಜಿ ಹೊಲಿದ ಸಮವಸ್ತ್ರದ ಒಳಗೆ ಒಂದು ಇಂಚಿನಷ್ಟು ಮಾರ್ಜಿನ್ ಬಟ್ಟೆ ಬಿಟ್ಟಿರುತ್ತಾರೆ. ಮುಂದಿನ ವರ್ಷ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು. ರಿಯಾಯಿತಿಯಲ್ಲಿ ತರಿಸಿಕೊಂಡ ಕುರ್ತಾವನ್ನು ತಿರುವಿ ನೋಡಿದರೆ ಹಲವು ಬಾರಿ ಅಲ್ಲಿ ಎಳೆ ಬಿಚ್ಚದಂತೆ ಯಂತ್ರದಲ್ಲಿ ಸುತ್ತಿ ಹೊಲಿದ ಓವರ್‌ಲಾಕ್ ಅಂಚೊಂದನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಟೀ ಶರ್ಟಿನದು ಇನ್ನೊಂದು ಕಥೆ. ನಾಲ್ಕು ಒಗೆತಕ್ಕೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂದು ನಿಂತರೆ, ಒಗೆದದ್ದು ಸರಿಯಿಲ್ಲ ಎಂದು ಅಮ್ಮನ ಮೇಲೆ ರೇಗಬೇಡಿ. ನೂಲಿನ ಹುರಿಯಲ್ಲಿ ಉಳಿದಿದ್ದ ಬಿಗುವು ನೀರು ತಗುಲಿದಾಗ ಸಡಿಲಗೊಂಡು ಇಡೀ ಹೆಣಿಗೆಯನ್ನು ಓರೆಯಾಗಿ ಎಳೆದಿರುತ್ತದೆ. ಅಂಗಡಿಯಲ್ಲಿಯೇ ಒಳಗಿನಿಂದ ನೋಡಿದ್ದರೆ, ಹೆಣಿಗೆಯ ಅಡ್ಡಸಾಲುಗಳು ಪಕ್ಕದ ಹೊಲಿಗೆಗೆ ಲಂಬಕೋನದಲ್ಲಿ ನಿಂತಿವೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ತಿಳಿಯುತ್ತಿತ್ತು.

ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಯಲ್ಲಿರುವ ತಾಮ್ರದ ರಿವೆಟ್ಟನ್ನು ನೀವು ಅಲಂಕಾರವೆಂದುಕೊಂಡಿರಬಹುದು. ಅಮೆರಿಕದ ರೀನೋ ಪಟ್ಟಣದಲ್ಲಿದ್ದ ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿಕಾರರ ಪ್ಯಾಂಟುಗಳು ಜೇಬಿನ ಮೂಲೆಯಲ್ಲೇ ಹರಿಯುವುದನ್ನು ಗಮನಿಸಿ ಅಲ್ಲಿ ರಿವೆಟ್ ಬಡಿದನು. ತನಗೆ ಬಟ್ಟೆ ಪೂರೈಸುತ್ತಿದ್ದ ಲೀವೈ ಸ್ಟ್ರಾಸ್‌ನನ್ನು ಜೊತೆಗೆ ಸೇರಿಸಿಕೊಂಡು 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದನು. ಜಗತ್ತಿನ ಹುಡುಗ ಹುಡುಗಿಯರೆಲ್ಲ ಇಂದು ತೊಡುವ ಉಡುಪು ಹುಟ್ಟಿದ್ದು ಹೀಗೆ, ಹರಿದ ಜಾಗವನ್ನು ನೋಡಿದವನ ಕೈಯಲ್ಲಿ.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗವೊಂದನ್ನು ಹೇಳುತ್ತೇನೆ. ಶಿಡ್ಲಘಟ್ಟದ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ, ಮನೆತನದ ಹುಡುಗಿಯೊಬ್ಬಳು ವಿನ್ಯಾಸ ಕಲಿಯಬೇಕೆಂದು ನನ್ನ ಬಳಿಗೆ ಬಂದಿದ್ದಳು. ಕೈಯಲ್ಲಿ ದಪ್ಪನೆಯ ಚಿತ್ರಪುಸ್ತಕ. ಅದರ ತುಂಬ ಉದ್ದ ಕಾಲಿನ, ಸಣ್ಣ ಸೊಂಟದ ಹೆಂಗಸರು, ಅವರ ಮೈಮೇಲೆ ನೆಲ ಗುಡಿಸುವಂಥ ಗೌನುಗಳು. ಚಿತ್ರಗಳು ಚೆನ್ನಾಗಿಯೇ ಇದ್ದವು. ಒಂದು ಗೌನಿನ ತೋಳನ್ನು ತೋರಿಸಿ, ಇದು ಹೆಗಲಿಗೆ ಹೇಗೆ ಸೇರುತ್ತದಮ್ಮ ಎಂದು ಕೇಳಿದೆ. ಅದನ್ನು ಟೈಲರ್ ನೋಡಿಕೊಳ್ಳುತ್ತಾರೆ ಎಂದಳು. ಈ ಉತ್ತರವನ್ನು ನಾನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೆಂದರೆ, ಈಗ ಕೇಳಿದ ಕೂಡಲೇ ತಾಳ್ಮೆ ತಪ್ಪುತ್ತದೆ. ಪುಸ್ತಕವನ್ನು ಮುಚ್ಚಿಟ್ಟು, ನಿಮ್ಮ ತಂದೆಯ ಹಳೆಯ ಶರ್ಟೊಂದನ್ನು ತಂದು ಅದರ ಹೊಲಿಗೆಯನ್ನೆಲ್ಲ ಬಿಚ್ಚು, ಒಂದು ಎಳೆ ಬಟ್ಟೆಯೂ ಹರಿಯಬಾರದು ಎಂದು ಹೇಳಿ ಕಳುಹಿಸಿದೆ.

ಮುಂದಿನ ವಾರ ಅವಳು ತುಂಡುಗಳನ್ನೆಲ್ಲ ಇಸ್ತ್ರಿ ಮಾಡಿ, ಸುದ್ದಿಪತ್ರಿಕೆಯ ನಡುವೆ ಇಟ್ಟುಕೊಂಡು ಬಂದಳು. ಮೇಜಿನ ಮೇಲೆ ಹರಡಿ ಎಣಿಸಿದೆವು. ಮುಂಭಾಗ ಎರಡು, ಬೆನ್ನು ಒಂದು, ಹೆಗಲಿನ ಮೇಲೆ ಬರುವ ಪಟ್ಟಿ, ಅಂದರೆ ಯೋಕ್, ಎರಡು ಪದರ, ತೋಳು ಎರಡು, ಕಾಲರ್ ಎರಡು, ಅದರ ಕೆಳಪಟ್ಟಿ ಎರಡು, ಕಫ್ ನಾಲ್ಕು, ಜೇಬು ಒಂದು, ಒಟ್ಟು 16. ತೋಳಿನ ಸೀಳಿಗೆ ಹಾಕಿದ ಪಟ್ಟಿಗಳೂ, ಕಾಲರಿನೊಳಗಿನ ಕ್ಯಾನ್ವಾಸೂ ಬೇರೆ. ತೋಳಿನ ತುಂಡನ್ನು ನಡುವೆ ಮಡಿಸಿ, ಮೇಡಂ, ಇದು ಎರಡೂ ಕಡೆ ಒಂದೇ ಸಮ ಇಲ್ಲ, ದರ್ಜಿ ತಪ್ಪಾಗಿ ಕತ್ತರಿಸಿದ್ದಾನೆ ಎಂದಳು. ದರ್ಜಿ ತಪ್ಪು ಮಾಡಿರಲಿಲ್ಲ. ನಮ್ಮ ತೋಳು ಮುಂದಕ್ಕೆ ಚಲಿಸುವುದೇ ಹೆಚ್ಚಾದ್ದರಿಂದ ಮುಂಭಾಗದ ಬಾಗು ಹೆಚ್ಚು ಒಳಕ್ಕೆ ಸರಿದಿರಬೇಕು, ಇಲ್ಲವಾದರೆ ಸೈಕಲ್ ಹ್ಯಾಂಡಲ್ ಹಿಡಿದಾಗ ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತದೆ. ಕಾಲರಿನ ಎರಡು ತುಂಡುಗಳಲ್ಲಿ ಕೆಳಗಿನದು ಕೂದಲೆಳೆಯಷ್ಟು ಚಿಕ್ಕದಾಗಿರುವುದನ್ನೂ ಅವಳೇ ಕಂಡುಹಿಡಿದಳು. ಹಾಗಿದ್ದರೆ ಮಾತ್ರ ಕಾಲರಿನ ಅಂಚು ಒಳಕ್ಕೆ ಬಾಗಿ ಕೂರುತ್ತದೆ. ನಾನು ಕಪ್ಪುಹಲಗೆಯ ಮುಂದೆ ನಿಂತು ಒಂದು ತಿಂಗಳು ಹೇಳಿದ್ದರೂ ಇಷ್ಟು ಹೇಳಲು ಆಗುತ್ತಿರಲಿಲ್ಲ. ಅವಳು ಅದನ್ನು ಮತ್ತೆ ಹೊಲಿದಳು. ಒಂದು ತೋಳು ಸ್ವಲ್ಪ ಸೊಟ್ಟಗಾಗಿತ್ತು. ಅವಳ ತಂದೆ ಆ ಶರ್ಟನ್ನು ಮತ್ತೆ ತೊಡಲಿಲ್ಲವೆಂದು ಕೇಳಿದ್ದೇನೆ. ಆಕೆ ಇಂದು ಬೆಂಗಳೂರಿನ ಸಿದ್ಧ ಉಡುಪು ಕಂಪನಿಯೊಂದರಲ್ಲಿ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ತುಂಡುಗಳ ಅಳತೆಯ ನಕ್ಷೆ, ಮಾಡುತ್ತಾಳೆ. ಕಂಪ್ಯೂಟರಿನ ಪರದೆಯ ಮೇಲೆ ತುಂಡುಗಳನ್ನು ಹೊಂದಿಸುವಾಗ ಅವಳು ಉಳಿಸುವ ಅರ್ಧ ಇಂಚಿಗೂ ಬೆಲೆಯಿದೆ, ಏಕೆಂದರೆ ಸಾಮಾನ್ಯವಾಗಿ ಒಂದು ಅಂಗಿಯ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದೇ.

ಸಮಯದ ಬಹುಪಾಲು ಈ ಶರ್ಟಿಗೇ ಹೋಯಿತು. ಉದ್ಯೋಗದ ಮಾತನ್ನು ಬೇಗ ಮುಗಿಸುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಒಂದು ವರ್ಷದ ಹೊಲಿಗೆ ಮತ್ತು ಫ್ಯಾಷನ್ ತರಬೇತಿಗಳಿವೆ, ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಉಡುಪು ವಿನ್ಯಾಸದ ಡಿಪ್ಲೊಮಾ ಇದೆ. ಪಿಯುಸಿ ಆದವರಿಗೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್ ಇದೆ. 1986ರಲ್ಲಿ ದೆಹಲಿಯಲ್ಲಿ ಆರಂಭವಾದ ಇದರ ಬೆಂಗಳೂರು ಕೇಂದ್ರ ಎಚ್‌ಎಸ್‌ಆರ್ ಬಡಾವಣೆಯಲ್ಲಿದೆ. ಅಲ್ಲಿನ ನಾಲ್ಕು ವರ್ಷದ ವಿನ್ಯಾಸ ಪದವಿಗೆ ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಅರ್ಜಿ ಹಾಕಬಹುದು. ಉಡುಪು ತಯಾರಿಕೆಯ ತಂತ್ರಜ್ಞಾನದ ಪದವಿಗೆ ಮಾತ್ರ ಗಣಿತ ಓದಿರಬೇಕು. ಶುಲ್ಕ ಸಣ್ಣದಲ್ಲ, ಆದ್ದರಿಂದ ಶಿಷ್ಯವೇತನದ ವಿಚಾರವನ್ನು ಮೊದಲೇ ತಿಳಿದುಕೊಳ್ಳಿ.

ಪೋಷಕರಿಗೆ ಒಂದು ಮಾತು. ಟೈಲರ್ ಆಗುವುದಕ್ಕೆ ಇಷ್ಟು ಓದಬೇಕೇ ಎಂದು ದಯವಿಟ್ಟು ಕೇಳಬೇಡಿ. ಪ್ಯಾಟರ್ನ್ ಮಾಸ್ಟರ್, ಮೊದಲ ಮಾದರಿ ಹೊಲಿಯುವ ಸ್ಯಾಂಪಲ್ ಟೈಲರ್, ಗುಣಮಟ್ಟ ಪರೀಕ್ಷಕರು, ಗ್ರಾಹಕರ ಆರ್ಡರುಗಳನ್ನು ನೋಡಿಕೊಳ್ಳುವ ಮರ್ಚಂಡೈಸರ್, ಇವರಿಲ್ಲದೆ ಬೆಂಗಳೂರಿನ ಒಂದು ಕಾರ್ಖಾನೆಯೂ ನಡೆಯುವುದಿಲ್ಲ. ಒಂದು ರೇಷ್ಮೆ ಗೂಡಿನಿಂದ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ಬಿಚ್ಚುವ ಕೈಗಳು ನಮ್ಮ ಜಿಲ್ಲೆಗಳಲ್ಲಿವೆ. ಆ ನೂಲು ಸೀರೆಯಾಗಲು ಬೇರೆ ಊರುಗಳಿಗೆ ಹೋಗುತ್ತಿರುವಾಗ, ಅದರಿಂದ ಏನು ಮಾಡಬಹುದೆಂದು ಯೋಚಿಸುವವರು ಇಲ್ಲಿಯೇ ಏಕೆ ತಯಾರಾಗಬಾರದು ಎಂಬುದು ನನಗಂತೂ ಅರ್ಥವಾಗಿಲ್ಲ.

ನಿಫ್ಟ್ ವಿನ್ಯಾಸ ಪದವಿಯ ಆಯ್ಕೆಯಲ್ಲಿ ಲಿಖಿತ ಪರೀಕ್ಷೆಯ ನಂತರ ಸಿಚುಯೇಶನ್ ಟೆಸ್ಟ್ ಎಂಬುದೊಂದಿರುತ್ತದೆ. ಕೊಟ್ಟ ಸಾಮಗ್ರಿಯಿಂದ ಕೊಟ್ಟ ಸಮಯದೊಳಗೆ ಒಂದು ಮಾದರಿಯನ್ನು ಕೈಯಾರೆ ಕಟ್ಟಬೇಕು. ಚಿತ್ರ ಮಾತ್ರ ಬರೆದುಕೊಂಡು ಬಂದವರು ಇಲ್ಲಿ ತಡವರಿಸುತ್ತಾರೆ. ಈ ಪರೀಕ್ಷೆಗೆ ಸಿದ್ಧರಾಗುವವರು ಈ ಭಾನುವಾರವೇ ಒಂದು ಹಳೆಯ ಶರ್ಟನ್ನು ಬಿಚ್ಚಲು ಕುಳಿತುಕೊಳ್ಳಿ. ಬ್ಲೇಡಿಗಿಂತ ಸೀಮ್ ರಿಪ್ಪರ್ ಎಂಬ ಹೊಲಿಗೆ ಬಿಚ್ಚುವ ಸಣ್ಣ ಸಾಧನ ಒಳ್ಳೆಯದು, ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಶರ್ಟಿನ ಯಜಮಾನರನ್ನು ಮಾತ್ರ ಮೊದಲೇ ಒಂದು ಮಾತು ಕೇಳಿ. ನಮಸ್ಕಾರ.