ಏಟು ಎಲ್ಲಿ ಅಂತ ಕೇಳಿದವರಿಗೆ

ನಮಸ್ಕಾರ. ಇವತ್ತು ಬೇರೆ ವಿಷಯ ಬರೆದಿಟ್ಟಿದ್ದೆ. ಬೆಳಗ್ಗೆ ಒಂದು ಕಾಮೆಂಟ್ ಓದಿದೆ, ಕಾಫಿ ಆರಿ ತಣ್ಣಗಾಯಿತು. "ಬ್ರೆಜಿಲ್‌ನ 'ಐ ಆಮ್ ಸ್ಟಿಲ್ ಹಿಯರ್' ನೋಡಿದೆ ಸರ್. ಮಿಲಿಟರಿ ಆಳ್ವಿಕೆ ಅಂತೀರಿ, ಒಂದು ಏಟೂ ಬೀಳಲ್ಲ. ಐಸ್‌ಕ್ರೀಂ ತಿಂತಾರೆ. ಬೋರು."

ಸ್ವಾಮಿ, ಆ ಐಸ್‌ಕ್ರೀಮೇ ಸಿನಿಮಾ!

1971ರ ಜನವರಿ. ರಿಯೊದಲ್ಲಿ ಕಡಲ ಪಕ್ಕದ ಮನೆ. ಮಾಜಿ ಸಂಸದ ರೂಬೆನ್ಸ್ ಪೈವಾ ಅವರನ್ನು ಮಿಲಿಟರಿಯವರು ವಿಚಾರಣೆಗೆ ಅಂತ ಕರೆದೊಯ್ದರು. ಮತ್ತೆ ಬರಲೇ ಇಲ್ಲ. ಹೆಂಡತಿ ಯೂನಿಸ್ ಅವರನ್ನೂ ಹನ್ನೆರಡು ದಿನ ಕೂಡಿಹಾಕಿದರು. ಮನೆಯಲ್ಲಿ ಐದು ಮಕ್ಕಳು. ಗಂಡ ಸತ್ತಿದ್ದಾರೆ ಅಂತ ಒಂದು ಸರ್ಟಿಫಿಕೇಟ್ ಕೈಗೆ ಬರಲು 1996 ಆಗಬೇಕಾಯಿತು. ಇಪ್ಪತ್ತೈದು ವರ್ಷ! ಏಟು ತೋರಿಸುವುದಕ್ಕೆ ಎರಡು ನಿಮಿಷ ಸಾಕು. ಕಾಯುವುದನ್ನು ಹೇಗೆ ತೋರಿಸುತ್ತೀರಿ? ಐಸ್‌ಕ್ರೀಂ ಅಂಗಡಿಯಲ್ಲಿ ಕೂತು, ಅಕ್ಕಪಕ್ಕದ ಮೇಜಿನ ಸಂಸಾರಗಳನ್ನು ನೋಡುವ ಆಕೆಯ ಮುಖ ತೋರಿಸಬೇಕು. ನಿರ್ದೇಶಕ ವಾಲ್ಟರ್ ಸಾಲೆಸ್ ಮಾಡಿದ್ದು ಅದನ್ನೇ. 2025ರಲ್ಲಿ ಆಸ್ಕರ್ ಬಂತು. ನನ್ನ ಚಾನೆಲ್‌ಗೆ ಇನ್ನೂ ಬಂದಿಲ್ಲ, ಸಬ್‌ಸ್ಕ್ರೈಬ್ ಮಾಡಿ.

ಈಗ ಯಾರೋ ಒಬ್ಬರು ಕೀಬೋರ್ಡ್ ಮುಂದೆ ಕೈ ಹಿಸುಕಿಕೊಳ್ಳುತ್ತಿರುತ್ತಾರೆ. "ಸರ್, 1982ರ ಬ್ರೆಜಿಲ್ ಸಿನಿಮಾ 'ಪ್ರಾ ಫ್ರೆಂಚಿ ಬ್ರಾಸಿಲ್'ನಲ್ಲಿ ಚಿತ್ರಹಿಂಸೆ ತೋರಿಸಿದ್ದಾರಲ್ಲ?" ಹೌದಪ್ಪ, ತೋರಿಸಿದ್ದಾರೆ. ಅದನ್ನು ನೋಡಿ ನನಗೆ ನೆನಪಿರುವುದು ಏನು ಗೊತ್ತಾ? 1970ರ ವಿಶ್ವಕಪ್ ಗದ್ದಲ. ಊರೆಲ್ಲ ಗೋಲ್ ಗೋಲ್ ಅಂತ ಕುಣಿಯುತ್ತಿದೆ, ಏನೂ ಮಾಡದ ಒಬ್ಬ ಮನುಷ್ಯ ಒಳಗೆ ಸಾಯುತ್ತಿದ್ದಾನೆ. ಏಟು ಮರೆತುಹೋಯಿತು, ಗದ್ದಲ ಉಳಿಯಿತು.

ಇನ್ನೂ ಬೇಕಾ? ಬ್ರೆಜಿಲ್‌ನ ನಿರ್ದೇಶಕ ಎಡುವಾರ್ಡೊ ಕೌಟಿನ್ಯೊ, 1962ರಲ್ಲಿ ಕೊಲೆಯಾದ ರೈತ ನಾಯಕನ ಬಗ್ಗೆ 1964ರಲ್ಲಿ ಸಿನಿಮಾ ತೆಗೆಯುತ್ತಿದ್ದರು. ಅವನ ಹೆಂಡತಿ ಎಲಿಜಬೆತ್ ತಮ್ಮದೇ ಪಾತ್ರ ಮಾಡುತ್ತಿದ್ದರು. ಸೇನೆ ಅಧಿಕಾರ ಹಿಡಿಯಿತು, ಶೂಟಿಂಗ್ ನಿಂತಿತು. ಆಕೆ ಹೆಸರು ಬದಲಿಸಿಕೊಂಡು ದೂರದ ಊರಲ್ಲಿ ಬದುಕಿದರು. ಮಕ್ಕಳು ದಿಕ್ಕಿಗೊಬ್ಬರು. ಹದಿನೇಳು ವರ್ಷ ಆದ ಮೇಲೆ ಅದೇ ನಿರ್ದೇಶಕ ಕ್ಯಾಮೆರಾ ಹಿಡಿದು ಹುಡುಕಿಕೊಂಡು ಹೋದರು. 1984ರಲ್ಲಿ ಸಿನಿಮಾ ಮುಗಿಯಿತು. ಏಟು ಎಷ್ಟು ಬಿತ್ತು ಲೆಕ್ಕ ಹಾಕಿ ಹೇಳಿ, ನಾನು ಕಾಯುತ್ತೇನೆ. ಕಾಯುವುದು! ಅದೇ ಅಲ್ವಾ ನಾನು ಹೇಳುತ್ತಿರುವುದು!

"ಹಿಂಸೆ ತೋರಿಸದಿದ್ದರೆ ಸರ್ಕಾರಕ್ಕೆ ಸುಣ್ಣ ಬಳಿದ ಹಾಗಲ್ಲವೇ?" ಅಂತ ಇನ್ನೊಬ್ಬರು. ಪಿಎಚ್‌ಡಿ ಮಾಡುತ್ತಿದ್ದಾರೆ ಅನಿಸುತ್ತದೆ, ಪಾಪ. ಸುಣ್ಣ ಬಳಿದಿದ್ದು ಹಿಂಸೆ ಕೊಟ್ಟವರನ್ನೂ ಬಿಟ್ಟುಬಿಟ್ಟ 1979ರ ಕ್ಷಮಾದಾನ ಕಾನೂನು ಸ್ವಾಮಿ, ಸಿನಿಮಾ ಅಲ್ಲ. ಸತ್ತವರು, ಕಾಣೆಯಾದವರು 434 ಮಂದಿ ಅಂತ, ಆ ಕಾಲದ ದೌರ್ಜನ್ಯ ತನಿಖೆ ಮಾಡಿದ ಬ್ರೆಜಿಲ್‌ನ ಸತ್ಯ ಆಯೋಗ ಹೇಳಿದ್ದು 2014ರಲ್ಲಿ. ಅಷ್ಟು ವರ್ಷ ಆ ಮನೆಯವರು ಏನು ಮಾಡುತ್ತಿದ್ದರು? ಕಾಯುತ್ತಿದ್ದರು! ಕಾಯು-ತ್ತಿ-ದ್ದ-ರು!

ಉಫ್. ಗಂಟಲು ಹೋಯಿತು. ಪಕ್ಕದ ಮನೆ ನಾಯಿನೂ ಎದ್ದಿತು. ಎಡಿಟರ್, ನಾಯಿ ಸೌಂಡ್ ಇರಲಿ, ಅದು ನನ್ನ ಕಡೆ. ಬೋರು ಅಂದವರೇ, ನಿಮ್ಮ ಕಾಮೆಂಟ್ ಪಿನ್ ಮಾಡಿದ್ದೇನೆ. ಬೆಲ್ ಒತ್ತಿ. ಐಸ್‌ಕ್ರೀಂ ನಾನೇ ಕೊಡಿಸುತ್ತೇನೆ, ಬನ್ನಿ.